ಬಿರುಕಿಗೆ ಅಡ್ಡ ಇಟ್ಟ ಗಾಜು

ಫೆಬ್ರವರಿ 3, ಮಂಗಳವಾರ

...ಬೀಗ ಹಾಕಿದ ಮೇಲೆ ಒಳಗೆ ಉಳಿದವರು ಯಾರು, ಹೊರಗೆ ಉಳಿದವರು ಯಾರು ಅಂತ ಬೀಗದಣ್ಣ ಏನೋ ಅಂದ. ದೇವರ ವಿಷಯ ಇರಬೇಕು, ಇಲ್ಲವೇ ಪಾರಿವಾಳಗಳದ್ದು. ನಾನು ಮೆಟ್ಟಿಲ ಮೇಲೆ ನಿಂತು ಕೈಗೆ ಅಂಟಿದ ಸುಣ್ಣ ಒರೆಸಿಕೊಳ್ಳುತ್ತಿದ್ದೆ, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಚರ್ಚಿನ ಬೀಗದಕೈಗಳೆಲ್ಲ ಅವನ ಸೊಂಟದಲ್ಲಿ ನೇತಾಡುವುದರಿಂದ ಅವನಿಗೆ ಆ ಹೆಸರು. ಗಂಟೆ ಹೊಡೆಯುವವನೂ ಅವನೇ, ಗುಡಿಸುವವನೂ ಅವನೇ. ತಾನು ಕೆಲಸಕ್ಕೆ ಸೇರಿದ ಮೇಲೆ ಹಗಲು ಹೊತ್ತಿನಲ್ಲಿ ಈ ಬಾಗಿಲಿಗೆ ಬೀಗ ಬಿದ್ದದ್ದು ಇವತ್ತೇ ಮೊದಲು ಎಂದದ್ದು ಮಾತ್ರ ಸರಿಯಾಗಿ ಕೇಳಿಸಿತು.

ಹಾಕಿಸಿದವನು ನಾನು. ಬಂದದ್ದು ಅದಕ್ಕಲ್ಲ. ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಇನ್ನು ಔಷಧ ನೋವಿಗೆ ಮಾತ್ರ, ರೋಗಕ್ಕಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಕ್ಕಕ್ಕೆ ಕರೆಯುವ ಅಗತ್ಯ ಇರಲಿಲ್ಲ, ಅವಳಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ಆಫೀಸಿಗೆ ರಜೆ ಹಾಕಿ ಬಂದೆ. ಹಳೆಯ ಕಟ್ಟಡಗಳನ್ನು ಅಳೆದು, ಯಾವುದು ನಿಂತೀತು, ಯಾವುದು ಬಿದ್ದೀತು ಎಂದು ಹೇಳುವುದು ನನ್ನ ಕೆಲಸ. ಅಕ್ಕನನ್ನು ನೋಡಲು ಬಂದ ಫಾದರಿಗೆ ಇದು ಗೊತ್ತಾಗಿ, ಗೋಡೆಯಲ್ಲಿ ಒಂದು ಗೆರೆ ಕಾಣಿಸಿಕೊಂಡಿದೆ, ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿ ಎಂದರು. ಏಣಿ ಹತ್ತಿ ನೋಡಿದರೆ ಗೆರೆಯೊಳಗೆ ನನ್ನ ಹೆಬ್ಬೆರಳು ಹೋಯಿತು.

ಸಂಜೆ ಅಕ್ಕನಿಗೆ ಹೇಳಿದೆ. ಅವಳ ಮನೆ ಚರ್ಚಿನ ಪಕ್ಕದ ಓಣಿಯಲ್ಲಿ, ಮಹಡಿಯ ಮೇಲೆ. ಹಾಸಿಗೆಯಿಂದ ಕಾಣುವುದು ಚರ್ಚಿನ ದಕ್ಷಿಣದ ಗೋಡೆಯ ಒಂದು ತುಂಡು, ಅದರ ಮೇಲೆ ಸ್ವಲ್ಪ ಆಕಾಶ. ಅದನ್ನೇ ನೋಡುತ್ತ, "ಬಂದು ನಾಲ್ಕು ದಿನ ಆಗಲಿಲ್ಲ, ಊರವರ ಬಾಯಿಗೆ ಬಿದ್ದೆಯಲ್ಲೋ ಪುಟ್ಟ" ಎಂದಳು. ಐವತ್ತು ದಾಟಿದವನನ್ನು ಪುಟ್ಟ ಎನ್ನುವವರು ಇನ್ನು ಇವಳೊಬ್ಬಳೇ.

ಫೆಬ್ರವರಿ 5, ಗುರುವಾರ

ಅಳತೆ ಶುರುಮಾಡಿದೆ. ಯಾರೂ ಕೇಳಿರಲಿಲ್ಲ, ಕೈ ಸುಮ್ಮನಿರಲಿಲ್ಲ. ಅಕ್ಕನಿಗೆ ನಿದ್ದೆ ಹತ್ತಿದಾಗ ಪಕ್ಕದಲ್ಲಿ ಕೂತು ಅವಳ ಉಸಿರು ಕೇಳುವುದಕ್ಕಿಂತ ಇದು ವಾಸಿ. ಆ ಹೊತ್ತಿನಲ್ಲಿ ನೆರೆಮನೆಯ ಹೆಂಗಸು ಬಂದು ಕೂರುತ್ತಾಳೆ.

ಚೆಂದದ ಕಟ್ಟಡವೇನಲ್ಲ. ರಸ್ತೆಯ ತುದಿಗೆ ಗೋಪುರ, ಒಳತುದಿಗೆ ಬಲಿಪೀಠದ ಕೋಣೆ, ನಡುವೆ ಜನ ಕೂರುವ ಉದ್ದನೆಯ ಹಜಾರ. ಹಜಾರಕ್ಕೂ ಬಲಿಪೀಠಕ್ಕೂ ನಡುವೆ ಒಂದು ಅಗಲವಾದ ಕಮಾನು. ಹಜಾರದ ಮೇಲೆ ಮರದ ಚಾವಣಿ, ಬಲಿಪೀಠದ ಮೇಲೆ ಕಲ್ಲಿನದು. ಎರಡು ಗೋಪುರ ಕಟ್ಟಬೇಕೆಂದಿತ್ತಂತೆ, ಒಂದು ಮುಗಿಯುವಷ್ಟರಲ್ಲಿ ಊರಾಚೆಯ ಕಲ್ಲುಗಣಿಗೆ ನೀರು ನುಗ್ಗಿ ಕಲ್ಲು ಸಿಗದಂತಾಯಿತು. ಇನ್ನೊಂದರ ಜಾಗದಲ್ಲಿ ತಗಡಿನ ಮಾಡು. ಸುತ್ತಮುತ್ತಲಿನವರು ಚರ್ಚನ್ನು ಒಂಟಿಕೊಂಬು ಎನ್ನುತ್ತಾರೆ, ಪ್ರೀತಿಯಿಂದಲೇ.

ಇದಕ್ಕೂ ಮುಂಚೆ ಇಲ್ಲಿ ಗಣಿ ಕೆಲಸದವರು ತಮಗಾಗಿ ಕಟ್ಟಿಕೊಂಡ, ಒಂದು ಕೋಣೆಯಷ್ಟು ದೊಡ್ಡ ಪ್ರಾರ್ಥನಾಲಯ ಇತ್ತು. ಅದರ ಮುಂದೆ ಗೋರಿಗಳಿದ್ದವು. ಜನ ಹೆಚ್ಚಿದ ಮೇಲೆ ಗೋರಿಗಳನ್ನು ಆಚೆಗೆ ಸಾಗಿಸಿ, ಮಣ್ಣು ತುಂಬಿ, ಇದನ್ನು ಎಬ್ಬಿಸಿದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಹಾಗೆಂದು ಕೆತ್ತಿದೆ: ಹಳೆಯದನ್ನು ಬುಡಸಮೇತ ತೆಗೆದು, ತಳಪಾಯದಿಂದ ಹೊಸದಾಗಿ ಕಟ್ಟಲಾಯಿತು. ಕೆತ್ತಿಸಿದವರಿಗೆ ಬುಡಸಮೇತ ಎಂಬ ಮಾತಿನ ಮೇಲೆ ಬಹಳ ಅಭಿಮಾನ ಇದ್ದಂತಿದೆ, ಅದರ ಅಕ್ಷರ ಉಳಿದವಕ್ಕಿಂತ ದೊಡ್ಡವು.

ಬಿರುಕು ಇರುವುದು ಕಮಾನಿನ ಪಕ್ಕದಲ್ಲಿ, ಹಜಾರದ ಗೋಡೆ ಬಲಿಪೀಠದ ಗೋಡೆಗೆ ಸೇರುವಲ್ಲಿ. ಮೇಲೆ ಅಗಲ, ಕೆಳಗೆ ಬರುತ್ತ ಕೂದಲೆಳೆ. ಅಂದರೆ ಗೋರಿಗಳ ಜಾಗದಲ್ಲಿ ತುಂಬಿದ ಮಣ್ಣಿನೊಳಕ್ಕೆ ಗೋಪುರ ಇಳಿದು ಕೂರುತ್ತಿದೆ, ಕೂರುತ್ತ ಹಜಾರವನ್ನು ರಸ್ತೆಯ ಕಡೆಗೆ ಎಳೆಯುತ್ತಿದೆ. ಈಗಲೂ ಎಳೆಯುತ್ತಿದೆಯೇ, ಎಂದೋ ಎಳೆದು ನಿಂತಿದೆಯೇ ಎಂಬುದಷ್ಟೇ ಪ್ರಶ್ನೆ. ನಿಂತುಹೋದ ಬಿರುಕು ಮುದಿ ನಾಯಿಯ ಹಾಗೆ, ಅದರ ಪಕ್ಕದಲ್ಲೇ ಮಲಗಬಹುದು.

ಬಲಿಪೀಠದ ಗೋಡೆ ಉಳಿದದ್ದಕ್ಕಿಂತ ಒಂದು ಮುಂಗೈಯಷ್ಟು ದಪ್ಪ. ಘನತೆಗೆ ಇರಬೇಕು.

ಫೆಬ್ರವರಿ 6, ಶುಕ್ರವಾರ

ಗಾಜು ಕೂರಿಸಿದೆ. ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿ, ಎರಡೂ ತುದಿಗೆ ಮೆತ್ತಿದ ಗಾರೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಇದಕ್ಕಿಂತ ಜಾಣ ಯಂತ್ರಗಳು ಆಫೀಸಿನಲ್ಲಿವೆ, ಇದಕ್ಕಿಂತ ನೇರವಾಗಿ ಮಾತಾಡುವುದು ಯಾವುದೂ ಇಲ್ಲ. ಮೇಲೆ ಒಂದು, ಎದೆಯ ಮಟ್ಟಕ್ಕೆ ಒಂದು, ನೆಲದ ಹತ್ತಿರ ಒಂದು.

ಮೊದಲು ಗೋಡೆಯ ಗಾರೆ ಕೆರೆದು, ಕಲ್ಲು ಕಂಡ ಮೇಲೆ, ಕಲ್ಲಿಗೇ ಗಾಜು ಅಂಟಿಸಬೇಕು. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ಆದರೆ ಕಮಾನಿನ ಎರಡೂ ಬದಿಗೆ ಮೇಲಿಂದ ಕೆಳಗಿನವರೆಗೆ ಒಂದು ನೀಲಿ ಪಟ್ಟೆ ಇದೆ, ಅದರಲ್ಲಿ ಹೊಂಬಣ್ಣದ ನಕ್ಷತ್ರಗಳು, ಬಿರುಕು ಇಳಿದಿರುವುದು ಅದರ ನಡುವೆಯೇ. ಅಕ್ಕ ಹುಡುಗಿಯಾಗಿದ್ದಾಗ ಗೆಳತಿಯರ ಜೊತೆ ಏಣಿಯ ಮೇಲೆ ನಿಂತು ಬಳಿದದ್ದು. ಇಲ್ಲಿ ಅವಳ ಕೈಯ ಗುರುತು ಉಳಿದಿರುವುದು ಇದೊಂದೇ, ಉಳಿದದ್ದೆಲ್ಲ ಬಲಿಪೀಠದ ಬಟ್ಟೆ ಒಗೆದದ್ದು, ಒಗೆದದ್ದು ಮತ್ತೆ ಕೊಳೆಯಾಗುತ್ತದೆ. ಬೆರಳಿನಿಂದ ತಟ್ಟಿ ನೋಡಿದೆ. ಅಲ್ಲಲ್ಲಿ ಟೊಳ್ಳು ಸದ್ದು. ಹಳೆಯ ಗಾರೆ ಎಲ್ಲ ಕಡೆಯೂ ಹಾಗೆಯೇ. ಗಟ್ಟಿಯಾಗಿಯೇ ಇದೆ. ಗಾರೆಯ ಮೇಲೆಯೇ ಕೂರಿಸಿದೆ.

ಫೆಬ್ರವರಿ 11, ಬುಧವಾರ

ಇವತ್ತು ಒಬ್ಬರು ಹಳೆಯ ಮೇಷ್ಟರ ಅಂತ್ಯಕ್ರಿಯೆ ಇತ್ತು. ಚರ್ಚಿಗೆ ಬೀಗ ಬಿದ್ದ ಮೇಲೆ ಪೂಜೆ ನಡೆಯುವುದು ಹಿಂದಿನ ಶಾಲೆಯ ಹಾಲಿನಲ್ಲಿ. ನೆರೆಮನೆಯ ಹೆಂಗಸು ಹೋಗಿ ಬಂದು ಅಕ್ಕನಿಗೆ ವರದಿ ಒಪ್ಪಿಸಿದಳು. ಪೆಟ್ಟಿಗೆ ಇಡಲು ಎರಡು ಬೆಂಚು ಜೋಡಿಸಿದ್ದರಂತೆ, ಒಂದು ಕುಂಟುತ್ತಿತ್ತಂತೆ. ಕರಿಹಲಗೆಯ ಮೇಲೆ ಯಾರೋ ಬಿಡಿಸಿದ ಕಪ್ಪೆಯ ಜೀರ್ಣಾಂಗ ಹಾಗೇ ಉಳಿದಿತ್ತು. ಪಾಪ, ಮೇಷ್ಟರಿಗೆ ಅದಾದರೂ ಒಗ್ಗುತ್ತಿತ್ತು ಎಂದಳು ಅಕ್ಕ. ಇಬ್ಬರೂ ನಕ್ಕರು.

ಆ ಹೆಂಗಸು ಹೋದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದಳು.

"ನಿನ್ನ ಹತ್ತಿರ ನಾನು ಯಾವತ್ತೂ ಏನೂ ಕೇಳಿಲ್ಲ, ಅಲ್ವಾ?"

ಇಲ್ಲ ಎಂದೆ. ನಿಜ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಓದಿಸಿದವಳು. ಕೇಳಿದ್ದೆಲ್ಲ ನಾನೇ.

"ನನ್ನನ್ನ ಆ ಹಾಲಿಂದ ಕಳಿಸಬೇಡ ಕಣೋ. ಒಳಗಿಂದ ಕಳಿಸು."

ನಲವತ್ತು ವರ್ಷ ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡಿದವಳು. ಅಲ್ಲಿಂದ ಹೊರಟ ಪ್ರತಿಯೊಂದು ಪೆಟ್ಟಿಗೆಯ ಕೆಳಗೂ ಅವಳು ಮಡಿಸಿದ ಬಟ್ಟೆ ಇತ್ತು. ಗಾಜು ನೋಡಿ ಹೇಳುತ್ತೇನೆ ಎಂದೆ. ಮತ್ತೇನು ಹೇಳಬಹುದಿತ್ತು.

ಫಾದರಿಗೆ ತಿಳಿಸಿದೆ. ವಯಸ್ಸಿನಲ್ಲಿ ಚಿಕ್ಕವರು, ಆತುರದ ಮನುಷ್ಯ. ಮೇಲಿನವರ ಸಮಿತಿ ಬಂದು ನೋಡಿ ತೀರ್ಮಾನ ಹೇಳುವಷ್ಟರಲ್ಲಿ ತಿಂಗಳುಗಟ್ಟಲೆ ಆಗುತ್ತದೆ, ಆದರೆ ಒಂದು ಗಂಟೆಯ ಮಟ್ಟಿಗೆ ಅಪಾಯ ಇಲ್ಲ ಎಂದು ನೀವು ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಬಾಗಿಲು ತೆಗೆಸುತ್ತೇನೆ ಎಂದರು. ಅವರಿಗೂ ಅವಳೆಂದರೆ ಅಷ್ಟು.

ಫೆಬ್ರವರಿ 14, ಶನಿವಾರ

ಗಾಜು ಸರಿಯಾಗಿದೆ.

ಅಕ್ಕ ಎದ್ದ ಕೂಡಲೆ ಅದನ್ನೇ ಕೇಳುತ್ತಾಳೆ, ತನ್ನ ನೋವಿನ ಸುದ್ದಿ ಆಮೇಲೆ. "ಗಾಜಣ್ಣ ಹೇಗಿದ್ದಾನೆ?" ಇವತ್ತು ಇನ್ನೂ ಒಂದು ಮಾತು ಸೇರಿಸಿದಳು: "ಅವನು ಮೊದಲೋ ನಾನು ಮೊದಲೋ ಅಂತ ಬೀಗದಣ್ಣನ ಜೊತೆ ಪಂದ್ಯ ಕಟ್ಟಿದ್ದೀನಿ."

ಫೆಬ್ರವರಿ 17, ಮಂಗಳವಾರ

ಗಾಜು ಸರಿಯಾಗಿದೆ. ಮೂರೂ. ನೆಲದ ಹತ್ತಿರದ್ದನ್ನು ಮೊಣಕಾಲೂರಿ ನೋಡಬೇಕು. ಬಾಗಿಲಲ್ಲಿ ನಿಂತ ಬೀಗದಣ್ಣ, ಸಾಹೇಬ್ರು ಕೊನೆಗೂ ದಾರಿಗೆ ಬಂದರು ಎಂದ. ಕೆಳಗಿನ ಗಾಜು ಎಂದೆ. ಹೌದು ಹೌದು, ಎಲ್ಲರಿಗೂ ಏನೋ ಒಂದು ಕೆಳಗೇ ಇರುತ್ತೆ ಎಂದ.

ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು, ಬಿರುಕು ಗಂಟೆಗೊಂದು ಸಲ ಬೆಳೆಯುವುದಿಲ್ಲ. ಮಧ್ಯಾಹ್ನವೂ ಹೋಗಿಬಂದೆ. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಅದನ್ನೂ ಗಮನಿಸಬೇಕು.

ಫೆಬ್ರವರಿ 19, ಗುರುವಾರ

ಅಕ್ಕ ಹಾಸಿಗೆಯಿಂದಲೇ ಇಸ್ತ್ರಿ ಕಲಿಸಿದಳು. ಹಾಲಿನ ಬಲಿಪೀಠಕ್ಕೂ ಬಟ್ಟೆ ಬೇಕು, ನೆರೆಮನೆಯ ಹೆಂಗಸು ಒಗೆದು ತಂದಿದ್ದಳು, ಇಸ್ತ್ರಿ ಮಾತ್ರ ಅಕ್ಕನ ಕಣ್ಣ ಮುಂದೆ ಆಗಬೇಕು. ಒದ್ದೆ ಪೂರ್ತಿ ಆರಬಾರದು, ಮೊದಲು ಹಿಮ್ಮುಖ, ಅಂಚಿನಿಂದ ನಡುವಿಗೆ ಬರಬೇಕೇ ಹೊರತು ನಡುವಿನಿಂದ ಅಂಚಿಗಲ್ಲ. ಎರಡು ಸಲ ಬಿಚ್ಚಿಸಿ ಮತ್ತೆ ಮಾಡಿಸಿದಳು. "ನಿನ್ನ ನಕ್ಷೆನೂ ಹೀಗೇ ಸುಕ್ಕಾಗಿರುತ್ತಾ?"

ತಾನು ಇದನ್ನು ಹೇಗೆ ಒಯ್ಯುತ್ತಿದ್ದೆ ಎಂದು ಹೇಳಿದಳು. ಮಡಿಸದೆ, ಎರಡೂ ತೋಳಿನ ಮೇಲೆ ಹರಡಿಕೊಂಡು, ಓಣಿ ದಾಟಿ, ಮುಂದಿನ ಬಾಗಿಲಿಗೆ ಹೋಗದೆ ಬಲಿಪೀಠದ ಪಕ್ಕದ ಬಟ್ಟೆ ಕೋಣೆಯ ಮೂಲಕ. ಎದುರಿಗೆ ಬಂದವರು ಪಕ್ಕಕ್ಕೆ ಸರಿಯುತ್ತಿದ್ದರಂತೆ, ಅವಳು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಾಳೇನೋ ಎಂಬಂತೆ. ಇಷ್ಟು ಹೇಳುವುದರಲ್ಲಿ ಸುಸ್ತಾದಳು.

ಗಾಜು ಸರಿಯಾಗಿದೆ. ನಕ್ಷೆ ಮುಂದುವರಿಸಲಿಲ್ಲ.

ಫೆಬ್ರವರಿ 22, ಭಾನುವಾರ

ಅಕ್ಕ ಅನ್ನ ಬಿಟ್ಟಿದ್ದಾಳೆ. ಗಂಜಿಯೂ ಎರಡು ಚಮಚ. ಡಾಕ್ಟರು ಬಂದು ಔಷಧದ ಪ್ರಮಾಣ ಏರಿಸಿದರು. ಇನ್ನು ಕೇಳಿದಾಗಲೆಲ್ಲ ಕೊಡಿ ಎಂದರು. ಆ ಮಾತಿನ ಅರ್ಥ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆ ಹೋಗಿ ಗಾಜು ನೋಡಿದೆ. ಇಷ್ಟು ದಿನದಲ್ಲಿ ಒಂದು ಕೂದಲೆಳೆಯೂ ಇಲ್ಲ. ಗೋಪುರ ಕೂತು ಆಗಿದೆ, ಬಿರುಕು ಹಳೆಯದು, ಸತ್ತದ್ದು. ಬೇರೆ ಕಟ್ಟಡವಾಗಿದ್ದರೆ ಇನ್ನೂ ಮೂರು ತಿಂಗಳು ಕಾಯುತ್ತಿದ್ದೆ. ಒಂದು ಗಂಟೆಯ ಮಾತು ತಾನೆ.

ಮನೆಗೆ ಬಂದು, "ಒಳಗಿಂದಲೇ ಕಳಿಸ್ತೀನಿ ಅಕ್ಕ" ಎಂದೆ.

ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. "ಗೋಡೆ ನೋಡಿ ಹೇಳ್ತಿದ್ದೀಯೋ, ನನ್ನನ್ನ ನೋಡಿ ಹೇಳ್ತಿದ್ದೀಯೋ?"

"ಗೋಡೆ ನೋಡಿ."

ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಇರಲಿಲ್ಲ, ಭಾರವೂ ಇರಲಿಲ್ಲ. ಆಮೇಲೆ ಒಂದೊಂದೇ ಅಪ್ಪಣೆ ಶುರುವಾಯಿತು: ಅಂಚಿಗೆ ಬಿಳಿ ಹೆಣಿಗೆ ಇರುವ ಬಟ್ಟೆ ಹಾಸಬೇಕು, ಮೇಣದಬತ್ತಿ ಹೊಸದೇ ಬೇಕು, ಬೀಗದಣ್ಣ ಗಂಟೆ ಹೊಡೆಯುವಾಗ ತೂಕಡಿಸಬಾರದು.

ಫೆಬ್ರವರಿ 24, ಮಂಗಳವಾರ

ಅಕ್ಕ ಒಳ್ಳೆಯ ನಿದ್ದೆ ಮಾಡಿದಳು. ಔಷಧ ಕೇಳಲಿಲ್ಲ. ಮುಖದಲ್ಲಿ ಏನೋ ಸಡಿಲವಾಗಿದೆ. ಫಾದರ್ ಬಂದು, ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, ಕೊನೆಯ ಅಭ್ಯಂಗ ಕೊಟ್ಟು ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕೊನೆಯಲ್ಲಿ ಎಲ್ಲರ ಜೊತೆ ನನ್ನ ಬಾಯಿಂದಲೂ ಆಮೆನ್ ಬಂತು, ಅಭ್ಯಾಸಬಲ.

ಫೆಬ್ರವರಿ 27, ಶುಕ್ರವಾರ

ಚರ್ಚಿನ ಒಳಗೆ ಧೂಳು ಹೊಡೆಯಲು ನಾಲ್ಕು ಹೆಂಗಸರಿಗೆ ಒಪ್ಪಿಗೆ ಕೊಟ್ಟಿದ್ದೆ. ಬೆಳಿಗ್ಗೆ ಅವರು ಬಂದರು, ನಾನೂ ಜೊತೆಗಿದ್ದೆ. ಕಮಾನಿನ ಪಕ್ಕ ಒಬ್ಬಳು ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ಜೇಡರ ಬಲೆ ತೆಗೆಯುತ್ತಿದ್ದಳು. ಕೋಲು ನೀಲಿ ಪಟ್ಟೆಗೆ ಒತ್ತಿತು. ಪಟ್ಟೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬಂತು.

ಅವಳಿಗೆ ಕಾಣಿಸಲಿಲ್ಲ. ಅವರನ್ನೆಲ್ಲ ಹೊರಗೆ ಕಳಿಸಿದೆ. ಸುಣ್ಣದ ಧೂಳು ಅಕ್ಕನ ಎದೆಗೆ ಆಗದು, ಕಿಟಕಿ ಎದುರಿಗೇ ಇದೆ ಎಂದೋ ಏನೋ ಹೇಳಿದೆ. ಏಣಿ ಹತ್ತಿ ಅಂಗೈಯಿಂದ ಒತ್ತಿ ನೋಡಿದೆ. ಆಳೆತ್ತರದ ಗಾರೆ, ಬಿರುಕಿನ ಎರಡೂ ಬದಿಯದ್ದು ಸೇರಿ, ಒಂದೇ ಹಲಗೆಯಾಗಿ ಗೋಡೆಯಿಂದ ಬಿಟ್ಟುಕೊಂಡಿದೆ, ಬಣ್ಣದ ಬಿಗಿಯಲ್ಲಿ ನಿಂತಿದೆ. ಗಾಜು ಅದರ ಮೇಲೆ, ಅದರ ಜೊತೆಯಲ್ಲೇ, ಒಳಕ್ಕೂ ಹೊರಕ್ಕೂ ಬಂತು. ಒಡೆಯಲಿಲ್ಲ. ಯಾಕೆ ಒಡೆಯಬೇಕು. ಅದಕ್ಕೆ ಗೋಡೆಯ ವಿಷಯ ಏನೂ ಗೊತ್ತಿಲ್ಲ.

ಮೇಲಿನ ಅಂಚಿನಿಂದ ಟಾರ್ಚ್ ಬಿಟ್ಟು ನೋಡಿದೆ. ಹಿಂದೆ ಕಲ್ಲಿನಲ್ಲಿ ಬಿರುಕು ಅಂಗೈಯಗಲ. ಒಡೆದ ಮುಖ ಬೆಳ್ಳಗೆ, ಧೂಳು ಕೂತಿಲ್ಲ. ಹೊಸದು. ಈ ವಾರದ್ದೂ ಇರಬಹುದು. ಮಾರನೆಯ ದಿನಕ್ಕೆ ಅಂತ ಯಾವ ಮಾತನ್ನೂ ಕೊಡುವ ಗೋಡೆ ಅಲ್ಲ ಅದು.

ಮನೆಗೆ ಬಂದಾಗ ಅಕ್ಕ ಎಚ್ಚರವಾಗಿದ್ದಳು. ಗಾಜಣ್ಣ ಹೇಗಿದ್ದಾನೆ ಎಂದಳು. ಹಾಗೇ ಇದ್ದಾನೆ ಎಂದೆ. ಸುಳ್ಳಲ್ಲ.

ಮಾರ್ಚ್ 1, ಭಾನುವಾರ

ಹೋಗಲಿಲ್ಲ. ಬರೆಯುವಂಥದ್ದೂ ಏನಿಲ್ಲ.

ಒಳಗಿಂದ ಕಳಿಸುವುದಾದರೆ ಪೆಟ್ಟಿಗೆ ಹೊರುವವರು ಆರು ಜನ, ಫಾದರ್, ಹಾಡುವವರು, ಹಿಂದೆ ಬೆಂಚುಗಳ ತುಂಬ ಜನ. ಅವಳಿಗಾಗಿ ಬರದವರು ಯಾರಿದ್ದಾರೆ. ಬಾಗಿಲು ಮುಚ್ಚಿ ಅವಳನ್ನೂ ನನ್ನನ್ನೂ ಮಾತ್ರ ಬಿಡಿ ಎಂದರೆ ಆಗದೇ. ಪೂಜೆಗೆ ಫಾದರ್ ಬೇಕು. ಫಾದರಿಗೆ ಅಮ್ಮ ಇದ್ದಾರೆ.

ಮಾರ್ಚ್ 2, ಸೋಮವಾರ

ಹೇಳಿದೆ. ಬೆಳಿಗ್ಗೆ ಮುಖ ಒರೆಸಿ, ದಿಂಬು ಸರಿಮಾಡಿದ ಮೇಲೆ.

"ಅಕ್ಕ, ಒಳಗೆ ಆಗಲ್ಲ."

"ಈಗ ಗೋಡೆ ನೋಡಿ ಹೇಳ್ತಿದ್ದೀಯ" ಎಂದಳು.

ಎಲ್ಲ ವಿವರಿಸಿದೆ. ಗಾಜು ಕೂರಿಸುವ ಮೊದಲು ಗಾರೆ ಕೆರೆಯಬೇಕಿತ್ತು, ಕೆರೆಯಲಿಲ್ಲ ಎಂದೆ. ಯಾಕೆ ಎಂದು ಕೇಳಿದಳು.

"ನೀನು ಬಳಿದ ಬಣ್ಣ."

ಅವಳಿಗೆ ನಗು ಬಂತು. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವಷ್ಟರಲ್ಲಿ ನನಗೆ ಹೇಳಿದ್ದೇ ತಪ್ಪಾಯಿತು ಅನ್ನಿಸಿತು. ನೀರು ಕುಡಿಸಿದೆ. "ಅದು ನನಗೆ ಯಾವತ್ತೂ ಇಷ್ಟ ಇರಲಿಲ್ಲ ಕಣೋ. ಆಗಿನ ಫಾದರ್ ಹತ್ತಿರ ಇದ್ದದ್ದು ಅದೊಂದೇ ಡಬ್ಬ. ಔಷಧಿ ಅಂಗಡಿ ಬೋರ್ಡ್ ಇದ್ದ ಹಾಗಿದೆ ಅಂತ ನಾವೆಲ್ಲ ನಗ್ತಿದ್ವಿ."

ಅವಳ ಕಣ್ಣು ಮುಚ್ಚಿತ್ತು, ನಿದ್ದೆ ಹೋದಳು ಅಂದುಕೊಂಡೆ.

"ಅವತ್ತು ನೀನು ಹೂಂ ಅನ್ನದೇ ಇದ್ದಿದ್ರೆ ಚೆನ್ನಾಗಿತ್ತು" ಎಂದಳು. "ಹಾಲೇ ಅಂತ ಮನಸ್ಸು ಗಟ್ಟಿ ಮಾಡ್ಕೊಂಡುಬಿಟ್ಟಿದ್ದೆ."

ತನ್ನನ್ನು ಪಕ್ಕಕ್ಕೆ ತಿರುಗಿಸು ಎಂದಳು. ಕಿಟಕಿಯ ಕಡೆ ತಿರುಗಿಸಿದೆ. ಆ ಕಡೆ ಅಲ್ಲ ಎಂದಳು.

ಮಾರ್ಚ್ 4, ಬುಧವಾರ

ಗಾಜಿನ ವಿಷಯ ಕೇಳಲಿಲ್ಲ. ಬೇರೆ ಯಾವುದನ್ನೂ ಕೇಳಲಿಲ್ಲ. ಔಷಧ ಕೇಳಿದಳು.

ಮಾರ್ಚ್ 5, ಗುರುವಾರ

ಬೆಳಿಗ್ಗೆ ಅಕ್ಕ ಹೋದಳು. ನಾನು ಪಕ್ಕದಲ್ಲಿದ್ದೆ. ಉಸಿರು ಒಂದು ಹೋಯಿತು, ಇನ್ನೊಂದು ಬರಲಿಲ್ಲ. ಬರುತ್ತದೆ ಎಂದು ಕಾಯುತ್ತ ಕೂತಿದ್ದೆ. ಎಷ್ಟು ಹೊತ್ತು ಎಂದು ನೋಡಲಿಲ್ಲ.

ಮಾರ್ಚ್ 6, ಶುಕ್ರವಾರ

ಕನಿಷ್ಠ ಅಂಗಳದಲ್ಲಾದರೂ ಇಡೋಣ, ಬಾಗಿಲು ತೆರೆದಿಟ್ಟರೆ ಬಲಿಪೀಠ ಕಾಣುತ್ತದೆ ಎಂದರು ಫಾದರ್. ಅಂಗಳ ಗೋಪುರದ ಕೆಳಗೆ ಬರುತ್ತದೆ. ಬೇಡ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ತಲೆಯಾಡಿಸಿದರು. ಬೇಡ ಎನ್ನುವುದು ಈಗ ನನಗೆ ಸುಲಭವಾಗಿ ಬರುತ್ತದೆ.

ಹಾಲಿನಲ್ಲಿ ಜನ ಹಿಡಿಸಲಿಲ್ಲ, ಕಿಟಕಿಗಳ ಹೊರಗೂ ನಿಂತಿದ್ದರು. ಹಲಗೆಯನ್ನು ಯಾರೋ ಒರೆಸಿದ್ದರು. ಅಂಚಿಗೆ ಹೆಣಿಗೆ ಇರುವ ಬಟ್ಟೆಯನ್ನು ನಿನ್ನೆ ನಾನೇ ಇಸ್ತ್ರಿ ಮಾಡಿದ್ದೆ, ಹಿಮ್ಮುಖ ಮೊದಲು. ಎಡಗಡೆಯ ಮೂಲೆಯಲ್ಲಿ ಒಂದು ಸುಕ್ಕು ಉಳಿದಿತ್ತು. ಪೂಜೆಯ ಉದ್ದಕ್ಕೂ ನಾನು ನೋಡಿದ್ದು ಆ ಸುಕ್ಕನ್ನು. ಗಂಟೆ ಇರಲಿಲ್ಲ, ಗೋಪುರ ಅದುರಬಾರದೆಂದು ಬೀಗದಣ್ಣನಿಗೆ ನಾನೇ ಹೇಳಿದ್ದೆ. ಅವನು ಬಾಗಿಲ ಬಳಿ ಖಾಲಿ ಕೈಯಲ್ಲಿ ನಿಂತಿದ್ದ. ಅಷ್ಟು ಸುಮ್ಮನೆ ಅವನು ನಿಂತದ್ದನ್ನು ನಾನು ನೋಡಿರಲಿಲ್ಲ.

ಮಾರ್ಚ್ 13, ಶುಕ್ರವಾರ

ಆಫೀಸಿನಿಂದ ಫೋನು. ರಜೆ ಇನ್ನೂ ಎರಡು ವಾರ ಬೇಕು, ಗೋಡೆ ಮುಗಿದಿಲ್ಲ ಎಂದೆ. ನಿಜವೇ. ಸಮಿತಿಯವರು ಬರುವ ಮೊದಲು ಗಾರೆ ಕೆರೆದು ಒಳಗಿನ ಸ್ಥಿತಿ ತೋರಿಸಬೇಕು, ಮರದ ಆಸರೆ ಕೊಡಿಸಬೇಕು. ಅಕ್ಕನ ಕೋಣೆ ಖಾಲಿ ಮಾಡುವ ಕೆಲಸವೂ ಇದೆ, ಇನ್ನೂ ಶುರುವಾಗಿಲ್ಲ. ಭಾನುವಾರಕ್ಕೆ ಬಟ್ಟೆ ಆಗಬೇಕು, ನೆರೆಮನೆಯ ಹೆಂಗಸಿಗೆ ಬೆನ್ನುನೋವು. ಒಗೆಯುವುದು ಇಸ್ತ್ರಿಯಷ್ಟು ಕಷ್ಟವಲ್ಲ.

ಬೆಳಿಗ್ಗೆ ಹೋಗಿ ಗಾಜಿನ ಹತ್ತಿ‌ರ ಸ್ವಲ್ಪ ಹೊತ್ತು ಕೂರುತ್ತೇನೆ. ಆಸರೆಯ ಅಂದಾಜು ಮಾಡಲು.

ಮಾರ್ಚ್ 21, ಶನಿವಾರ

ಗಾರೆಯವನು ಬಂದಿದ್ದ. ಮರದ ಆಸರೆ ಕೊಟ್ಟ ಮೇಲೆ ಇಬ್ಬರೂ ಸೇರಿ ನೀಲಿ ಪಟ್ಟೆ ಬಿಚ್ಚಿದೆವು. ಬಿಚ್ಚುವುದೇನು ಬಂತು, ಉಳಿಯ ತುದಿ ತಾಗಿಸಿದ್ದಷ್ಟೇ, ನಕ್ಷತ್ರಗಳ ಸಮೇತ ನೆಲಕ್ಕೆ ಬಂತು. ಗಾಜು ಮೂರೂ ಅದರ ಜೊತೆ.

ಧೂಳು ಇಳಿದ ಮೇಲೆ ಕಲ್ಲು ಕಂಡಿತು. ಹಜಾರದ ಕಡೆ ಒರಟು ಕಲ್ಲು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಇಟ್ಟದ್ದು. ಬಲಿಪೀಠದ ಕಡೆ ನೀಟಾಗಿ ಕೆತ್ತಿದ ಮೂಲೆಗಲ್ಲುಗಳು, ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ, ನೆಲದಿಂದ ಚಾವಣಿಯವರೆಗೆ. ಮೂಲೆಗಲ್ಲು ಹಾಗೆ ಕೆತ್ತುವುದು ಕಟ್ಟಡ ಅಲ್ಲಿಗೆ ಮುಗಿಯುವಾಗ. ಹಳೆಯ ಗೋಡೆಗೆ ಹೊಸದನ್ನು ಸೇರಿಸುವವರು ಎರಡು ಕೈಯ ಬೆರಳು ಹೆಣೆದ ಹಾಗೆ ಕಲ್ಲನ್ನು ಕಲ್ಲಿನೊಳಗೆ ಕೂರಿಸುತ್ತಾರೆ. ಇಲ್ಲಿ ಹೆಣೆದಿಲ್ಲ. ಒಂದರ ಪಕ್ಕ ಒಂದನ್ನು ಇಟ್ಟು, ಮೇಲೆ ಗಾರೆ ಬಳಿದಿದ್ದಾರೆ.

ಬುಡಸಮೇತ ಯಾರೂ ಏನೂ ತೆಗೆದಿಲ್ಲ. ಗಣಿಯವರ ಪ್ರಾರ್ಥನಾಲಯ ಇದ್ದಲ್ಲೇ ಇದೆ. ಅದರ ಮುಂದಿನ ಗೋಡೆ ಒಡೆದು ಕಮಾನು ಮಾಡಿ, ಹಜಾರವನ್ನೂ ಗೋಪುರವನ್ನೂ ತಂದು ನಿಲ್ಲಿಸಿದ್ದಾರೆ. ಹೊರಟುಹೋಗುತ್ತಿರುವುದು ಹಜಾರ. ಬಲಿಪೀಠದ ಕೋಣೆ ಎಲ್ಲಿಗೂ ಹೋಗುತ್ತಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ನಾಲ್ಕೂ ಮೂಲೆಗೆ ತೂಗುಗುಂಡು ಇಳಿಬಿಟ್ಟೆ, ದಾರ ಕಲ್ಲಿಗೆ ಅಂಟಿದ ಹಾಗೆ ನಿಂತಿತು. ಬುಡದಲ್ಲಿ ಅಗೆಸಿದೆ, ಒಂದು ಮೊಳಕ್ಕೇ ಬಂಡೆ. ಘನತೆಗೆ ಎಂದು ನಾನು ಬರೆದ ಆ ದಪ್ಪ, ಯಾವುದಕ್ಕೂ ಒರಗದೆ ತನ್ನ ಕಾಲ ಮೇಲೆ ನಿಲ್ಲಬೇಕಾದ ಗೋಡೆಯದ್ದು. ಇದರ ಕಲ್ಲಿನ ಚಾವಣಿಗೆ ಹಜಾರದ ಹಂಗಿಲ್ಲ. ನಡುವೆ ಹಲಗೆ ಹೊಡೆದು ಕಮಾನು ಮುಚ್ಚಿದರೆ ಇದೊಂದೇ ನಿಲ್ಲುತ್ತದೆ, ಯಾವತ್ತೂ ನಿಂತೇ ಇತ್ತು.

ಫಾದರಿಗೆ ಹೇಳಿದೆ. ಅವರ ಕಣ್ಣು ತುಂಬಿತು. ಚಿಕ್ಕದಾದರೇನು, ಉಳಿಯಿತಲ್ಲ ಸಾರ್ ಎಂದರು. ಹಜಾರವನ್ನು ಬಿಚ್ಚಿ ಇಳಿಸುವವರೆಗೆ ಜನರನ್ನು ಹೊರಗಿನ ಬಯಲಿನಿಂದ ಬಳಸಿ ಬಟ್ಟೆ ಕೋಣೆಯ ಮೂಲಕ ಒಳಗೆ ಬಿಡಬಹುದೇ ಎಂದು ಕೇಳಿದರು. ಬಟ್ಟೆ ಕೋಣೆ ಗೋಪುರದಿಂದ ಬಲು ದೂರ, ಅದೂ ಬಂಡೆಯ ಮೇಲೆಯೇ ಇದೆ. ಬಿಡಬಹುದು ಎಂದೆ. ಬರುವ ವಾರದಿಂದ ಅಲ್ಲಿ ಪೂಜೆ. ಬೀಗದಣ್ಣ ಆ ಬಾಗಿಲಿನ ಬೀಗದಕೈ ಹುಡುಕಿ ತಂದು ಎಣ್ಣೆ ಬಿಟ್ಟ. "ಅಕ್ಕ ಇನ್ನೊಂದು ಹದಿನೈದು ದಿನ ಇದ್ದಿದ್ರೆ" ಎಂದು ಶುರುಮಾಡಿ, ನನ್ನ ಕಡೆ ನೋಡಿ, ಬೀಗ ಸರಿಯಾಗಿ ತಿರುಗುತ್ತದೋ ಇಲ್ಲವೋ ಎಂದು ಇನ್ನೊಮ್ಮೆ ನೋಡತೊಡಗಿದ.

ಹದಿನೈದು ದಿನ ಬೇಕಿರಲಿಲ್ಲ. ಮೊದಲ ವಾರ ಎರಡು ಬೆರಳಗಲ ಕೆರೆದಿದ್ದರೆ ಮೂಲೆಗಲ್ಲು ಕಾಣುತ್ತಿತ್ತು. ಇದನ್ನು ಅವರಿಬ್ಬರಿಗೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಒಬ್ಬನೇ ಬಟ್ಟೆ ಕೋಣೆಯ ಕಡೆಯಿಂದ ಒಳಗೆ ಬಂದೆ. ಬಾಗಿಲ ಅಗಲ ಅಳೆದೆ. ಪೆಟ್ಟಿಗೆಯೂ ಅದರ ಎರಡು ಬದಿಗೆ ಹೊರುವವರೂ ಹಿಡಿಸುತ್ತಾರೆ, ಸ್ವಲ್ಪ ಭುಜ ಓರೆ ಮಾಡಿಕೊಂಡರೆ. ಒಳಗೆ ಬಲಿಪೀಠದ ಮುಂದೆ ಉದ್ದಕ್ಕೆ ಇಡಲು ಜಾಗ ಇದೆ. ಸುತ್ತ ಹದಿನೈದು ಇಪ್ಪತ್ತು ಜನ ನಿಲ್ಲಬಹುದು, ಉಳಿದವರು ಬಟ್ಟೆ ಕೋಣೆಯಲ್ಲಿ, ಬಯಲಿನಲ್ಲಿ. ಹಾಡು ಹೊರಗಿನವರೆಗೂ ಕೇಳಿಸುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ನೋಡಿದೆ, ಸರಿಯಾಗಿ ಬಂತು. ಆ ಗುರುತಿನ ಪಕ್ಕದಲ್ಲಿ ಮೊಣಕಾಲೂರಿದ್ದೆ. ಏಳುವಾಗ ಕಾಲು ಜೋಮು ಹಿಡಿದಿತ್ತು. ಇಲ್ಲಿ ಗಾಜು ಯಾವುದೂ ಇಲ್ಲ, ನೋಡುವಂಥದ್ದು ಏನೂ ಇರಲಿಲ್ಲ. ನೆಲ ತಣ್ಣಗಿತ್ತು.

ಕಮಾನಿನ ಆಚೆಗೆ ಹಜಾರ ಇರುವುದಿಲ್ಲ, ಬೆಂಚುಗಳಿರುವುದಿಲ್ಲ, ದೊಡ್ಡ ಬಾಗಿಲಿನಿಂದ ನಡೆದು ಬರುವ ಉದ್ದ ದಾರಿಯೂ ಇರುವುದಿಲ್ಲ. ನೀನು ದಿನಾ ಬಟ್ಟೆ ಹರಡಿಕೊಂಡು ಬರುತ್ತಿದ್ದ ಬಾಗಿಲು, ನಾಲ್ಕು ಗೋಡೆ, ಬಲಿಪೀಠ. ಅಕ್ಕ, ಇಷ್ಟು ಒಳಗೆ ಬಂದಿದ್ದರೆ ನಿನಗೆ ಸಾಕಾಗುತ್ತಿತ್ತಾ?